ಕೂಸಿನ ಕಿವಿಗೆ ಹೇಳುವ ಹೆಸರು

ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇಲ್ಲ. ನನ್ನ ಗಂಡ ಒಮ್ಮೆ ಗೋವಾ ನೋಡಿಯೇ ತೀರುತ್ತೇನೆಂದು ಹೊರಟರು. ಮೀರಜಿನಲ್ಲಿ ಬಟಾಟೆವಡೆ ತಿಂದು, ಹೊಟ್ಟೆ ಹಿಡಿದುಕೊಂಡು ಅಲ್ಲಿಂದಲೇ ವಾಪಸು ಬಂದರು. ನಾನೋ, ಚಿತ್ತಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಇತಿಹಾಸ ಹೇಳುತ್ತಿರುವವಳು. ಪ್ರತಿವರ್ಷ ಮಳೆಗಾಲ ಶುರುವಾಗುತ್ತಲೇ ಯುರೋಪಿನವರನ್ನು ಹಡಗು ಹತ್ತಿಸಿ, ಕೈಯಾಡಿಸಿ ಬಿರುಗಾಳಿ ಎಬ್ಬಿಸಿ, ಹಿಂದುಸ್ತಾನದ ದಂಡೆಗೆ ತಂದು ಇಳಿಸುತ್ತೇನೆ. ಆದರೆ ನಾನು ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಕಾಗಿಣಾ ಹೊಳೆಯೇ.

ಹೀಗಿರುವಾಗ ನಮ್ಮ ಅತ್ತೆ ವಾಡಿ ಸ್ಟೇಷನ್ನಿನ ಆಚೆ ಬದಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, "ನಮ್ಮ ಮುತ್ಯಾ ಹಡಗದಾಗ ಬಂದಾನ" ಎಂದರೆ ನಗದೆ ಇರುವುದು ಹೇಗೆ? ಮುತ್ಯಾ ಎಂದರೆ ಅವರ ತಾಯಿಯ ತಂದೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ.

"ವಾಡಿಗಿ ಹಡಗ ಯಾವ ಪ್ಲಾಟ್‌ಫಾರ್ಮಿಗಿ ಬರತದ್ರಿ ಅತ್ತಿ?"

"ನಗು ಯವ್ವಾ, ನಗು. ಓದಿದಾಕಿ ನೀ. ಓದಿದವರಿಗಿ ಏನ್ ಗೊತ್ತಿರತದ?"

ಅತ್ತೆಯ ತವರೂ ವಾಡಿಯೇ. ಅವರ ತಲೆಗೂದಲು ಎಷ್ಟು ಗುಂಗುರೆಂದರೆ ಮೂರು ಬಾಚಣಿಗೆ ಮುರಿದವರು ಅವರು. ಆ ಕೂದಲು ನನ್ನ ಗಂಡನಿಗೂ ಬಂದಿದೆ, ನನ್ನ ಮಗಳಿಗೂ ಬಂದಿದೆ. ಊರಿನಲ್ಲಿ ಹಳಬರು 'ಹಬ್ಶಿ ಮನಿಯವರು' ಎನ್ನುತ್ತಿದ್ದುದನ್ನು ನಾನೂ ಕೇಳಿದ್ದೆ. ಹೈದರಾಬಾದಿನ ನಿಜಾಮರ ಹತ್ತಿರ ಆಫ್ರಿಕಾದ ಕಾವಲುಪಡೆ ಇತ್ತಲ್ಲ, ಅಲ್ಲಿಂದ ಬಂದಿರಬೇಕು ಎಂದುಕೊಂಡು, ಇತಿಹಾಸದ ಟೀಚರಮ್ಮ ನಾನು, ವಿಷಯಕ್ಕೆ ಅಲ್ಲಿಯೇ ಪೂರ್ಣವಿರಾಮ ಹಾಕಿದ್ದೆ.

ಎಷ್ಟೋ ವರ್ಷದ ಮೇಲೆ ಕಲಬುರಗಿಯ ಗ್ರಂಥಾಲಯದಲ್ಲಿ ಪಾಠಕ್ಕೆಂದು ಏನೋ ಹುಡುಕುತ್ತಿದ್ದಾಗ ಒಂದು ಪುಟ ಕಣ್ಣಿಗೆ ಬಿತ್ತು. ಗುಲಾಮರ ವ್ಯಾಪಾರ ನಿಷೇಧವಾದ ಮೇಲೂ ಅರಬ್ಬಿ ಸಮುದ್ರದಲ್ಲಿ ಆಫ್ರಿಕಾದ ಮಕ್ಕಳನ್ನು ಕದ್ದು ಸಾಗಿಸುತ್ತಿದ್ದರಂತೆ. ಇಂಗ್ಲಿಷರ ಗಸ್ತಿನ ಹಡಗುಗಳು ಅಂಥ ಹಾಯಿಹಡಗುಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಬಿಡಿಸಿದವರಲ್ಲಿ ಹಲವರನ್ನು ತಂದು ಇಳಿಸಿದ್ದು ಎಲ್ಲಿ? ಮುಂಬಯಿಯಲ್ಲಿ! ಕೆಲವರು ಮಿಷನ್ನಿನ ಶಾಲೆಗೆ, ಕೆಲವರು ಯಾರದೋ ಮನೆಗೆಲಸಕ್ಕೆ, ಇನ್ನು ಕೆಲವರು ಹಡಗಿನ, ರೈಲಿನ ಬೆಂಕಿಯ ಕೆಲಸಕ್ಕೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಹಡಗ! ಖರೇನೇ ಹಡಗ!" ಎಂದು ಜೋರಾಗಿ ಕೂಗಿಬಿಟ್ಟೆ. ಗ್ರಂಥಪಾಲಕರು ನನ್ನನ್ನು ಹೊರಗೆ ಹೋಗಿ ಚಹಾ ಕುಡಿದು ಬರಲು ಹೇಳಿದರು. ನಾನು ಚಹಾ ಕುಡಿಯಲಿಲ್ಲ. ಸೀದಾ ರೈಲು ಹಿಡಿದು ವಾಡಿಗೆ ಬಂದು ಅತ್ತೆಯ ಕಾಲು ಹಿಡಿದುಕೊಂಡೆ.

"ತಪ್ಪಾಯ್ತ್ರಿ ಅತ್ತಿ. ಮುತ್ಯಾ ಹಡಗದಾಗೇ ಬಂದಾರ."

"ಬುಕ್ಕಿನಾಗ ಬಂದ ಮ್ಯಾಲ ಖರೇ ಆತೇನು?" ಎಂದರು ಅತ್ತೆ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. ಆಮೇಲೆ ಹೇಳತೊಡಗಿದರು.

"ಮುತ್ಯಾ ಆಗ ಈ ತೊಲಿಬಾಗಲದ ಹೊಸ್ತಿಲದಾಗ ನಿಂತ್ರ ಚಿಲಕಕ್ಕ ಕೈ ಎಟಕ್ತಿರಲಿಲ್ಲ, ಅಷ್ಟ ಸಣ್ಣಾವ. ಹೊಳಿ ದಂಡ್ಯಾಗ ಆಡಾಕತ್ತಿದ್ದ. ಯಾರೋ ಹಿಡಕೊಂಡು ಹೋದ್ರು. ಭಾಳ ದಿನ ನಡಸಿದ್ರು. ಆಮ್ಯಾಲ ಹಡಗದ ಹೊಟ್ಯಾಗ ತುಂಬಿದ್ರು, ನಾವು ಬುಟ್ಯಾಗ ಬದನಿಕಾಯಿ ತುಂಬತೀವಲ್ಲ, ಹಂಗ. ಬಿಳಿ ಮಂದಿ ಬಂದ್ರ ನಿಮ್ಮನ್ನ ಕೊಯ್ದು ತಿಂತಾರ, ಸಪ್ಪಳ ಮಾಡಬ್ಯಾಡ್ರಿ ಅಂತ ಹೇಳಿಟ್ಟಿದ್ರಂತ. ಒಂದಿನ ಮುಂಜಾನಿ ಢಮ್ ಅಂತು! ದೊಡ್ಡ ಹಡಗ ಬಂದು ಸಣ್ಣ ಹಡಗಾ ಹಿಡೀತು. ಬಿಳಿ ಮಂದಿ ಕೆಳಗ ಇಳದು ಬಂದ್ರು. ಒಬ್ಬಾವ ಮುತ್ಯಾನ ಎತ್ತಿಕೊಳ್ಳಾಕ ಕೈ ಚಾಚಿದ. ಮುತ್ಯಾ ಅವನ ಕೈ ಕಚಕ್ ಅಂತ ಕಡದ."

"ಬಿಡಸಾಕ ಬಂದವರಿಗೇ ಕಡದ್ರೇನ್ರಿ?"

"ಮತ್ತ? ಅವ ತಿನ್ನೋದ್ರಾಗ ತಾನೇ ತಿನಬೇಕಂದ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅತ್ತೆಗೆ ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿ ಇನ್ನಷ್ಟು ನೀರು ಬಂತು.

ಹಡಗಿನ ಮೇಲೆ ಒಬ್ಬ ಗುಮಾಸ್ತ ಪುಸ್ತಕ ಹಿಡಿದು ಕುಳಿತಿದ್ದನಂತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೇಳಿದ. ಮುತ್ಯಾ ತನ್ನ ಹೆಸರು ಹೇಳಿದ. ಗುಮಾಸ್ತ ತಲೆ ಅಲ್ಲಾಡಿಸಿದ. ಮುತ್ಯಾ ಮತ್ತೆ ಹೇಳಿದ, ಇನ್ನೂ ಗಟ್ಟಿಯಾಗಿ ಹೇಳಿದ. ಗುಮಾಸ್ತ ನಕ್ಕು, ತನ್ನದೇ ಒಂದು ಹೆಸರು ಬರೆದು, ಅದರ ಚೀಟಿಯನ್ನು ಇವನ ಕೊರಳಿಗೆ ಕಟ್ಟಿದ. ಮುಂಬಯಿಯಲ್ಲಿ ಇಳಿದದ್ದು ಆ ಹೆಸರಿನವನು, ಶಾಲೆಯಲ್ಲಿ ಏಟು ತಿಂದದ್ದು ಆ ಹೆಸರಿನವನು, ದೊಡ್ಡವನಾಗಿ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎತ್ತಿಹಾಕುತ್ತ ವಾಡಿಗೆ ಬಂದದ್ದೂ ಅದೇ ಹೆಸರಿನವನು. ಶಹಾಬಾದಿನಲ್ಲಿ ಕಲ್ಲುಗಣಿಯ ಕೆಲಸದವಳೊಬ್ಬಳು ಇವನಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳಂತೆ. ಅವಳನ್ನೇ ಲಗ್ನವಾದ. ಜಾತಿ ಯಾವುದು, ಧರ್ಮ ಯಾವುದು ಎಂದು ಯಾರಾದರೂ ಕೇಳಿದರೆ "ಡ್ಯೂಟಿ" ಎನ್ನುತ್ತಿದ್ದನಂತೆ.

"ಊರಿಗಿ ವಾಪಸ್ ಯಾಕ ಕಳಸಲಿಲ್ಲಂತ್ರಿ?" ಎಂದು ಕೇಳಿದೆ.

"ಬಿಡಿಸಿದ್ರು ಖರೇ. ಎಲ್ಲಿಗಿ ಹೋಗತಿ ಅಂತ ಕೇಳವರು ಯಾರು? ಕೇಳಿದ್ರೂ ಅವ ಏನ್ ಹೇಳಬೇಕು? ಹೊಳಿ ದಂಡಿ ಊರು ಅಂತಿದ್ದ. ಹೊಳಿ ಒಂದ ಅದ ಏನು ಜಗತ್ತಿನಾಗ?"

ಒಂದು ಕೂಸಿನ ಹೆಸರನ್ನು ಹಾಗೆ ಬದಲಾಯಿಸುವುದೇ, ಯಾವ ಅಧಿಕಾರ ಅವನಿಗೆ, ಎಂದು ಕ್ಲಾಸಿನಲ್ಲಿ ಮಾಡುವ ಹಾಗೆ ಭಾಷಣ ಶುರುಮಾಡಿದೆ. ಅತ್ತೆ ಮೊರದ ಅಂಚಿನಿಂದ ನನ್ನ ಮೊಣಕಾಲಿಗೆ ತಿವಿದರು.

"ಲಗ್ನದಾಗ ನಿನ್ನ ಹೆಸರು ನಾವೂ ಬದಲಿ ಮಾಡೀವಲ್ಲ. ತಾಟಿನ ಅಕ್ಕ್ಯಾಗ ಹೊಸಾ ಹೆಸರು ಬರಿಸಿದ್ದು ನಾನೇ. ನೀ ಯಾರನ್ನೂ ಕಡೀಲಿಲ್ಲ ಮತ್ತ!"

ನಾನೂ ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ಮುರಿಯತೊಡಗಿದೆ.

ಮುತ್ಯಾನ ನಿಜವಾದ ಹೆಸರು ಮಾತ್ರ ಹೋಗಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಅವನು ಮಾಡಿದ ವ್ಯವಸ್ಥೆಯಂಥದ್ದು ಮೂರು ಲೋಕದಲ್ಲಿ ಇನ್ನೊಂದಿರಲಾರದು. ಆ ಹೆಸರನ್ನು ದೊಡ್ಡವರಿಗೆ ಹೇಳಬಾರದು, ಏಕೆಂದರೆ ದೊಡ್ಡವರು ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಅದು ಬೇರೆಯದೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಕೂಸು ಹುಟ್ಟಿದಾಗ, ತೊಟ್ಟಿಲ ಕಾರ್ಯದ ದಿನ, ಇಡುವ ಹೆಸರಿಗಿಂತ ಮೊದಲು ಕೂಸಿನ ಬಲಗಿವಿಯಲ್ಲಿ ಅದನ್ನು ಹೇಳಬೇಕು. ಕೂಸಿನ ಹತ್ತಿರ ಪೆನ್ನಿಲ್ಲ, ಚಾಡಿ ಹೇಳುವ ಬಾಯಿಯೂ ಇಲ್ಲ.

"ಕೂಸಿಗಿ ನೆನಪಿರತದೇನ್ರಿ ಅತ್ತಿ?"

"ಇರಂಗಿಲ್ಲ."

"ಮತ್ತ?"

"ಮತ್ತೇನು? ಕೇಳಿಸ್ಕೊಂಡಿರತದಲ್ಲ!"

ದೊಡ್ಡವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಬೇಕು, ಮುಂದಿನ ತೊಟ್ಟಿಲಿಗೆ ಹೇಳಲು. ಆ ಒಬ್ಬರು ನಮ್ಮ ಅತ್ತೆ. ಹನ್ನೊಂದು ವರ್ಷದವರಿದ್ದಾಗ ಲೋಕೋ ಶೆಡ್ಡಿಗೆ ಮುತ್ಯಾನ ಊಟದ ಡಬ್ಬಿ ಒಯ್ಯುತ್ತಿದ್ದರಂತೆ. ದಿನಾ ಹೆಸರು ಕೇಳಿ ಕೇಳಿ ಪೀಡಿಸಿದ್ದಕ್ಕೆ ಒಂದು ದಿನ ಅವನು ರೊಟ್ಟಿ ಮುರಿಯುತ್ತ ಇವರ ಕಿವಿಯಲ್ಲಿ ಹೇಳಿಬಿಟ್ಟನಂತೆ. ನನ್ನ ಗಂಡನ ಕಿವಿಗೂ, ನನ್ನ ಇಬ್ಬರು ಮಕ್ಕಳ ಕಿವಿಗೂ ಅತ್ತೆ ಅದನ್ನು ಹೇಳಿದ್ದಾರೆ. ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದ ನಾನು ಯಾವುದೋ ಮಂತ್ರ ಎಂದುಕೊಂಡಿದ್ದೆ.

ಈಗ ನನ್ನ ತಲೆಗೆ ಹುಳ ಹೊಕ್ಕಿತು. ಆ ಹೆಸರು ಸಿಕ್ಕರೆ, ಬಲ್ಲವರಿಗೆ ತೋರಿಸಿದರೆ, ಅದು ಯಾವ ಭಾಷೆಯದು, ಯಾವ ಜನರದು, ಯಾವ ಹೊಳೆಯ ದಂಡೆಯದು ಎಂದು ತಿಳಿಯಬಹುದಲ್ಲ! ಕಲಬುರಗಿಯ ಒಂದು ವಿಚಾರಸಂಕಿರಣಕ್ಕೆ ಪ್ರಬಂಧ ಓದುತ್ತೇನೆಂದು ಕಾಗದ ಬರೆದುಬಿಟ್ಟೆ. ಅವರು ಒಪ್ಪಿಯೂ ಬಿಟ್ಟರು. ಅತ್ತೆಯ ಮುಂದೆ ಹಲ್ಲು ಗಿಂಜಿದೆ, ಹೋಳಿಗೆ ಮಾಡಿ ಹಾಕಿದೆ, ಅವರ ಕಾಲೊತ್ತಿದೆ, ಕೊನೆಗೆ ಸಿಟ್ಟಿಗೆದ್ದೆ. ಎಲ್ಲವನ್ನೂ ಸಂತೋಷದಿಂದ ಸ್ವೀಕರಿಸಿದರು, ಹೆಸರು ಮಾತ್ರ ಹೇಳಲಿಲ್ಲ.

"ನನ್ನ ಮಗಗ ಹೇಳಲೇನು? ತನ್ನ ಚಪ್ಪಲಿ ಎಲ್ಲಿ ಬಿಟ್ಟಾನ ಅದೇ ಅವಗ ಗೊತ್ತಿರಂಗಿಲ್ಲ. ಆಡಕಿಗಿ ಕೊಟ್ಟ ಮಗಳಿಗಿ ಹೇಳಿದ್ರ ಸಂಜೀಗಿ ಇಡೀ ಊರಿಗಿ ಗೊತ್ತಾಗತದ. ಇನ್ನ ನೀ. ನೀ ಬರೀತಿ."

"ಬರದ್ರೇನಾಯ್ತ್ರಿ?"

"ಬರೀಬ್ಯಾಡ ಅಂದಾನ. ಮುಗೀತು."

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಅತ್ತೆ ಮರೆಯತೊಡಗಿದರು. ಮೊದಮೊದಲು ನಗುವಂಥದ್ದೇ. ಸಾರಿಗೆ ಸಕ್ಕರೆ, ಚಹಾಕ್ಕೆ ಉಪ್ಪು. ನಮ್ಮ ಬೀಗರನ್ನು ಕರೆಂಟ್ ಬಿಲ್ಲಿನವರೆಂದು ಬಾಗಿಲಲ್ಲೇ ನಿಲ್ಲಿಸಿ ಬೈದರು. ಒಂದು ದಿನ ಮಧ್ಯಾಹ್ನ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ತುಂಬಿಕೊಂಡು ಹೊರಟೇಹೋದರು. ನಾವು ವಾಡಿಯೆಲ್ಲ ಹುಡುಕಿ ಹೈರಾಣಾದೆವು. ನೋಡಿದರೆ ಹಳಿಯ ಪಕ್ಕದಲ್ಲಿ ನಾಲ್ಕು ಜನ ಗ್ಯಾಂಗ್‌ಮನ್‌ಗಳು ಸುತ್ತ ಕುಳಿತು ರೊಟ್ಟಿ ಹೊಡೆಯುತ್ತಿದ್ದಾರೆ. ಅತ್ತೆ ಎದುರು ನಿಂತು ಬಡಿಸುತ್ತಿದ್ದಾರೆ.

"ಪುಂಡಿಪಲ್ಯ ಮಸ್ತ್ ಆಗ್ಯಾದ್ರಿ ಅವ್ವಾರ" ಎಂದ ಒಬ್ಬ. ಇನ್ನೊಬ್ಬ ನಮ್ಮನ್ನು ನೋಡಿ, ಯಾವ ಶೆಡ್ಡು ಹುಡುಕುತ್ತಿದ್ದಾರೆ ಇವರು, ಇಲ್ಲಿ ಶೆಡ್ಡೇ ಇಲ್ಲವಲ್ಲ ಎಂದು ಕೇಳಿದ.

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಕಲಬುರಗಿಯ ಡಾಕ್ಟರು ಮಾತ್ರ ನಗಲಿಲ್ಲ. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು. ಸಮುದ್ರ ದಾಟಿ, ಗುಮಾಸ್ತನ ಪುಸ್ತಕದಿಂದ ತಪ್ಪಿಸಿಕೊಂಡು ಬಂದ ಒಂದು ಹೆಸರು. ಅದು ಇದ್ದದ್ದು ಈ ಒಂದೇ ತಲೆಯಲ್ಲಿ. ಆ ತಲೆಯೋ ಉಪ್ಪಿನ ಡಬ್ಬಿಯನ್ನೇ ಮರೆಯುತ್ತಿದೆ. "ನನಗೇನಾಗ್ಯಾದ? ಗಟ್ಟಿ ಇದ್ದೀನಿ" ಎಂದು ಅತ್ತೆ ಡಾಕ್ಟರಿಗೇ ದಬಾಯಿಸಿ ಬಂದರು.

ಅದೇ ದಿನಗಳಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ಮಗ ಚಿಂಚೋಳಿಯಲ್ಲಿ ಲೈನ್‌ಮನ್. ಅವನ ಹೆಂಡತಿಯ ತವರೂ ಅದೇ ಊರು. ತೊಟ್ಟಿಲ ಕಾರ್ಯ ತವರುಮನೆಯಲ್ಲೇ ಎಂದು ನಿಶ್ಚಯವಾಯಿತು. ಅಯ್ಯಯ್ಯೋ, ಆ ಸಂಭ್ರಮವೇ! ಕ್ರೂಸರ್ ಗಾಡಿಯಲ್ಲಿ ಹತ್ತು ಜನ ಕೂರುವ ಕಡೆ ಹದಿನೇಳು ಜನ. ಜೊತೆಗೆ ಶಾಸ್ತ್ರ ಮುಗಿದ ಮೇಲೆ ವಾಪಸು ತರಬೇಕಾದ ನಮ್ಮ ಮನೆಯ ಹಳೇ ತೊಟ್ಟಿಲು, ಕುಲಾವಿ, ಎರಡು ಬುಟ್ಟಿ ಉಂಡಿ, ಒಂದು ಕೊಡ ತುಂಬ ಗುಗ್ಗರಿ. ಚಿತ್ತಾಪುರ ದಾಟುವುದರೊಳಗೆ ಯಾರದೋ ಕಾಲು ಯಾರದೋ ತೊಡೆಯ ಮೇಲೆ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಆಡಕಿಯ ನಾದಿನಿ ಹತ್ತಿದಳು. ಕೂರಲು ಜಾಗವಿಲ್ಲದೆ ತೊಟ್ಟಿಲಿನೊಳಗೇ ಕುಳಿತುಬಿಟ್ಟಳು. ಗಾಡಿ ಕುಲುಕಿದಾಗಲೆಲ್ಲ ನಾವು ಅವಳಿಗೆ ಜೋಗುಳ ಹಾಡಿದೆವು. ಡ್ರೈವರ್ ನಕ್ಕು ನಕ್ಕು ಒಂದು ಎಮ್ಮೆಗೆ ಡಿಕ್ಕಿ ಹೊಡೆಯುವುದರಲ್ಲಿದ್ದ.

ಈ ಗದ್ದಲದಲ್ಲಿ ಸುಮ್ಮನಿದ್ದವರು ಅತ್ತೆ ಒಬ್ಬರೇ. ಕಿಟಕಿಯ ಪಕ್ಕ ಕುಳಿತು ತುಟಿ ಅಲ್ಲಾಡಿಸುತ್ತಿದ್ದರು, ಒಂದೇ ಸಮನೆ. ಹೆಸರು! ಕೂಸಿಗೆ ಹೇಳುವ ಹೆಸರನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ! ನಾನು ಕುತ್ತಿಗೆ ಚಾಚಿದೆ. ಗಾಡಿಯ ಸಪ್ಪಳದಲ್ಲಿ ಏನೂ ಕೇಳಿಸಲಿಲ್ಲ. ಆಗ ನನ್ನ ಕೆಟ್ಟ ತಲೆಗೆ ಉಪಾಯ ಹೊಳೆಯಿತು.

ನಮ್ಮ ಕಡೆ ತೊಟ್ಟಿಲಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ಮಲಗಿಸುತ್ತಾರೆ. ಆ ಕಲ್ಲಿಗೆ ಹಾಸಿಗೆ ಸರಿಮಾಡುವ ನೆಪದಲ್ಲಿ ನನ್ನ ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ದುಪಟಿಯ ಕೆಳಗೆ ತುರುಕಿದೆ. ಐವತ್ತೆರಡು ವರ್ಷದ ಹೆಂಗಸು ನಾನು, ಕಾಪಿ ಚೀಟಿ ಬಚ್ಚಿಟ್ಟುಕೊಂಡ ಹತ್ತನೇ ಕ್ಲಾಸಿನ ಹುಡುಗಿಯಂತೆ ನಿಂತಿದ್ದೆ.

ಕೂಸನ್ನು ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳುವವಳ ಬೆನ್ನಿಗೆ ಉಳಿದ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಯಾಕೆ ಗುದ್ದಬೇಕೆಂದು ಯಾರಿಗೂ ಗೊತ್ತಿಲ್ಲ, ಆದರೆ ಗುದ್ದುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಅತ್ತೆಗೆ ವಯಸ್ಸಾಗಿದೆ, ಮೆಲ್ಲಗೆ ಗುದ್ದಿರೆಂದು ನಾದಿನಿ ಎಲ್ಲರಿಗೂ ತಾಕೀತು ಮಾಡಿದಳು. ಅತ್ತೆ ತೊಟ್ಟಿಲಿನ ಹಗ್ಗ ಹಿಡಿದು ಬಗ್ಗಿದರು. ಬಾಯಿಯನ್ನು ಕೂಸಿನ ಬಲಗಿವಿಯ ಹತ್ತಿರ ತಂದರು. ಹೆಂಗಸರು "ಕುರ್ರ್ರ್ರ್" ಎಂದು ಕೈ ಎತ್ತಿ ನಿಂತರು.

ಅತ್ತೆ ಹಾಗೇ ಇದ್ದರು. ಬಹಳ ಹೊತ್ತು ಹಾಗೇ ಇದ್ದರು.

"ಕೊಕ್ಕೊಕ್ಕೋ ಕೋಽಽಽ!" ಎಂದು ತೊಟ್ಟಿಲೊಳಗಿಂದ ಹುಂಜ ಕೂಗಿತು.

ಅದು ನನ್ನ ಮೊಬೈಲಿನ ರಿಂಗ್‌ಟೋನ್. ನಮ್ಮ ಶಾಲೆಯ ಮಕ್ಕಳು ಹಾಕಿಕೊಟ್ಟದ್ದು, ತೆಗೆಯಲು ನನಗೆ ಬಂದಿರಲಿಲ್ಲ. ಕೂಸು ಕಿಟಾರನೆ ಕಿರುಚಿತು. ಒಬ್ಬಾಕೆ "ಎವ್ವಾ, ಕೂಸು ಕೋಳಿ ಕೂಗಾಕತ್ತದ!" ಎಂದು ಆರತಿತಟ್ಟೆ ಕೈಬಿಟ್ಟಳು. ಬೀಗಿತಿ ತೆಲುಗಿನಲ್ಲಿ ದೇವರನ್ನು ಕರೆದಳು. ಹುಂಜ ಕೂಗುತ್ತಲೇ ಇತ್ತು. ಫೋನ್ ಮಾಡುತ್ತಿದ್ದವರು ಯಾರು? ಮೂರು ಮಾರು ದೂರದಲ್ಲಿ ನಿಂತಿದ್ದ ನನ್ನ ಗಂಡ! ಫೋಟೊ ತೆಗೆಯಲೆಂದು ನನ್ನ ಫೋನ್ ಹುಡುಕುತ್ತಿದ್ದವರು, ಎಲ್ಲಿದೆಯೋ ಕೂಗಲಿ ಎಂದು ತಮ್ಮದರಿಂದ ರಿಂಗ್ ಕೊಟ್ಟಿದ್ದರು. ಬಟಾಟೆವಡೆಯ ಈ ಮನುಷ್ಯ ಜೀವನದಲ್ಲಿ ಒಂದೇ ಒಂದು ಕೆಲಸವನ್ನು ಸಮಯಕ್ಕೆ ಸರಿಯಾಗಿ ಮಾಡಿದ್ದು ಅವತ್ತೇ.

ಮಂದಿಯೆಲ್ಲ ಗೋಡೆಗೆ ಆತು, ನೆಲಕ್ಕೆ ಕುಸಿದು, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅತ್ತೆ ದುಪಟಿಯ ಕೆಳಗೆ ಕೈಹಾಕಿ ಮೊಬೈಲು ಹೊರಗೆ ತೆಗೆದರು. ನನ್ನ ಮುಖ ನೋಡಿದರು. ನಗಲಿಲ್ಲ. ಅದನ್ನು ನನ್ನ ಕೈಯಲ್ಲಿಟ್ಟು ಹೊರಗೆ ಹೋದರು.

ನನ್ನ ನಗು ಅಲ್ಲಿಗೇ ಬತ್ತಿತು. ನಾಚಿಕೆಯಿಂದ ಸತ್ತುಹೋದೆ, ಖರೆ ಹೇಳುತ್ತೇನೆ. ಆ ಗುಮಾಸ್ತನಿಗಿಂತ ನಾನು ಯಾವುದರಲ್ಲಿ ಮೇಲು? ಅವನಾದರೂ ಎದುರಿಗೆ ಕೂತು ಬರೆದ. ಹಿಂದೆಯೇ ಓಡಿದೆ. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದರು. ಕಾಲ ಬಳಿ ಕುಕ್ಕರಿಸಿ ಅಲ್ಲೇ ಅವರ ಕಣ್ಣೆದುರಿಗೆ ರೆಕಾರ್ಡಿಂಗ್ ಅಳಿಸಿದೆ.

"ಬೈರಿ ಅತ್ತಿ. ಹೊಡೀರಿ ಬೇಕಾದ್ರ. ನಿಮಗ ಮರವು ಆಗಾಕತ್ತದ ಅಂತ ಅಂಜಿದೆ. ಹೆಸರು ಹೋಗತದ ಅಂತ ಅಂಜಿ ಮಾಡಿದೆ."

ಅತ್ತೆ ಸುತ್ತ ನೋಡಿದರು. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡರು.

"ಹೋಗಿತ್ತು" ಎಂದರು.

"ಏನ್ರಿ?"

"ಹೆಸರು. ಗಾಡ್ಯಾಗ ಬರೋವಾಗ ಇತ್ತು. ದಾರಿ ತುಂಬ ಅನಕೋತ ಬಂದೀನಿ. ಕೂಸಿನ ಕಿವ್ಯಾಗ ಬಾಯಿ ಇಟ್ಟೆ, ಒಳಗ ಏನೂ ಇಲ್ಲ ನೋಡು. ಬರೇ ಕತ್ತಲಿ. ನಿನ್ನ ಹುಂಜ ಕೂಗಲಿಲ್ಲಂದ್ರ ಮಂದಿ ಮುಂದ ನಾ ಏನ್ ಮಾಡತಿದ್ದೆ?" ಅವರ ಕೈ ತಣ್ಣಗಿತ್ತು, ನನ್ನ ಕತ್ತನ್ನು ಬಿಟ್ಟಿರಲಿಲ್ಲ. "ಇಲ್ಲಿ ಕುಂತ ಮ್ಯಾಲ ತಿರುಗಿ ಬಂತು. ಈಗ ಅದ. ಜಲ್ದಿ ಕಿವಿ ತಾ. ಬರೀತಿ ಏನು?"

"ಇಲ್ರಿ."

"ಮಕ್ಕಳ ಆಣಿ?"

"ಮಕ್ಕಳ ಆಣಿ."

ಹೇಳಿದರು. ಮೂರು ಸಲ ಹೇಳಿದರು. ನಾನು ಮೂರು ಸಲ ಅವರ ಕಿವಿಯಲ್ಲಿ ತಿರುಗಿ ಹೇಳಿದೆ. ಬರಾಬರ್ ಅದ ಎಂದು ತಲೆಯಾಡಿಸಿದರು. ಬೇಸಿಗೆಯ ಬಿಸಿಲು ನೆತ್ತಿಯ ಮೇಲಿತ್ತು. ಒಳಗೆ ಇನ್ನೂ ಯಾರೋ ಹುಂಜದ ಹಾಗೆ ಕೂಗಿ ತೋರಿಸುತ್ತಿದ್ದರು.

"ನಡಿ, ನೀನೇ ಹೇಳು ಕೂಸಿಗಿ" ಎಂದು ಎದ್ದರು.

ಹೆಂಗಸರೆಲ್ಲ ಮತ್ತೆ ಸಾಲಾಗಿ ನಿಂತರು. ಈ ಸಲ ಬಗ್ಗಿದವಳು ನಾನು. ನನ್ನದು ಮುಪ್ಪಿನ ಬೆನ್ನಲ್ಲವಲ್ಲ, ಸೇಡಂ ಬಸ್‌ಸ್ಟ್ಯಾಂಡಿನಿಂದ ತೊಟ್ಟಿಲಲ್ಲಿ ಕುಳಿತು ಬಂದ ಸಿಟ್ಟನ್ನೆಲ್ಲ ನಾದಿನಿ ಅದರ ಮೇಲೆ ತೀರಿಸಿಕೊಂಡಳು. ಕೂಸಿನ ಕಿವಿ ನಮ್ಮ ಕಡೆಯ ಹುರಿಗಡಲೆಯಷ್ಟು. ಅದರೊಳಗೆ ಆ ಹೆಸರು ಹೇಳಿದೆ. ಕೂಸು ಕಣ್ಣು ಬಿಟ್ಟು ಆಕಳಿಸಿತು. ಗುದ್ದುಗಳ ನಡುವೆ ನನಗೆ ಅಳು ಬಂತು, ಆ ಏಟಿಗೆ ಅತ್ತಳೆಂದು ಎಲ್ಲರೂ ಇನ್ನಷ್ಟು ನಕ್ಕು ಇನ್ನಷ್ಟು ಗುದ್ದಿದರು. ನಾನೂ ಅಳುತ್ತ ನಗುತ್ತ ತೊಟ್ಟಿಲು ಹಿಡಿದು ನಿಂತೆ. ಆಮೇಲೆ ನನ್ನ ಮಗಳು, ಕೂಸಿನ ಸೋದರತ್ತೆ, ರೇಷನ್ ಕಾರ್ಡಿಗೆ ಬೇಕಾದ ಹೆಸರನ್ನು ಹೇಳಿ ತನ್ನ ಪಾಲಿನ ಗುದ್ದು ತಿಂದಳು. ಗುಗ್ಗರಿ ಹಂಚುವ ಹೊತ್ತಿಗೆ ಅತ್ತೆ ನನ್ನ ಪಕ್ಕ ಬಂದು ಕುಳಿತು, ಅಂಗೈ ತುಂಬ ತೆಗೆದುಕೊಂಡು, "ಇನ್ನ ನಾ ಮರತ್ರೂ ನಡೀತದ" ಎಂದರು. ಆ ದಿನ ಅವರು ಕುಣಿಯುವುದೊಂದು ಬಾಕಿ. ಬೀಗರನ್ನು ಕರೆದು ಕರೆದು ಗುಗ್ಗರಿ ತಿನ್ನಿಸಿದರು, ವಾಪಸು ಬರುವಾಗ ಗಾಡಿಯಲ್ಲಿ ನಾದಿನಿಯನ್ನು ಎಬ್ಬಿಸಿ ತಾವೇ ತೊಟ್ಟಿಲಲ್ಲಿ ಕುಳಿತರು.

ವಿಚಾರಸಂಕಿರಣಕ್ಕೆ ಹೋದೆ. ಹಡಗು ಹಿಡಿದದ್ದು, ಮುಂಬಯಿಯಲ್ಲಿ ಇಳಿಸಿದ್ದು, ಎಂಜಿನ್ನಿನ ಬೆಂಕಿ, ಎಲ್ಲವನ್ನೂ ಓದಿದೆ. ಮೂಲ ಹೆಸರು ಏನಿತ್ತು ಎಂದು ಒಬ್ಬ ಪ್ರೊಫೆಸರು ಕೇಳಿದರು. ಗೊತ್ತಿದೆ, ಹೇಳುವುದಿಲ್ಲ ಎಂದೆ. ದಾಖಲೆ ಇಲ್ಲದೆ ಒಪ್ಪುವುದು ಹೇಗೆ ಎಂದರು. ಒಪ್ಪಬೇಡಿ ಎಂದೆ. ಊಟ ಮಾತ್ರ ಚೆನ್ನಾಗಿತ್ತು.

ಈಗ ಅತ್ತೆಗೆ ವಾಡಿ ಯಾವುದು, ಶಹಾಬಾದು ಯಾವುದು ತಿಳಿಯುವುದಿಲ್ಲ. ನನ್ನನ್ನು ಒಮ್ಮೊಮ್ಮೆ ಅವ್ವ ಎನ್ನುತ್ತಾರೆ, ಒಮ್ಮೊಮ್ಮೆ ನರ್ಸ್ ಬಾಯಿ ಎನ್ನುತ್ತಾರೆ. ಆದರೆ ಖುಷಿಯಾಗಿದ್ದಾರೆ. ಹೋದ ವಾರ ತಲೆಗೆ ಎಣ್ಣೆ ಹಚ್ಚಿ ಆ ಗುಂಗುರು ಕೂದಲು ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಚಡಪಡಿಸತೊಡಗಿದರು. ಏನೋ ಕಳೆದಿದೆ, ಏನೋ ಕಳೆದಿದೆ ಎಂದು ಸೆರಗು ಜಾಡಿಸಿದರು, ಹಾಸಿಗೆ ಎತ್ತಿ ನೋಡಿದರು. ಏನು ಎಂದು ಕೇಳಿದರೆ ಹೇಳಲು ಬರಲೊಲ್ಲದು. ನನಗೆ ತಿಳಿಯಿತು. ಬಾಚಣಿಗೆ ಕೆಳಗಿಟ್ಟು, ಬಗ್ಗಿ, ಅವರ ಬಲಗಿವಿಯಲ್ಲಿ ಹೇಳಿದೆ.

ಅತ್ತೆ ಸುಮ್ಮನಾದರು. ಮುಖವೆಲ್ಲ ಅರಳಿತು.

"ಭಾಳ ಚಂದ ಹೆಸರದ" ಎಂದರು. "ಯಾರದು?"

"ನಮ್ಮದ್ರಿ, ಅತ್ತಿ" ಎಂದೆ.